ಸೂರ್ಯಾಸ್ತವೆಂಬ ನುಡಿ ಹುಸಿಯೇ?

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಘಟ್ಟದ ಅಂಚಿಗೆ ಬಂದು ಸಂಜೆಯ ಪಡುವಣವನ್ನು ನೋಡುವವರೆಲ್ಲರೂ ‘ಸೂರ್ಯನು ಮುಳುಗಿದನು’ ಎಂದೇ ಹೇಳುವರು. ಮುಳುಗಿದವನು ಸೂರ್ಯನಲ್ಲ, ತಿರುಗಿದುದು ಭೂಮಿಯೆಂಬುದನ್ನು ಶಾಲೆಯ ಮಗುವೂ ಬಲ್ಲದು. ನುಡಿಗೂ ಅರಿವಿಗೂ ಭೇದವಿರಬಾರದೆಂದು ಶರಣರಿಂದ ಕಲಿತ ಭಕ್ತನು ಹಾಗೆ ನುಡಿದರೆ ಅದು ಹುಸಿಯಾಗುವುದೇ?

ಖಗೋಳಶಾಸ್ತ್ರದ ‘ಭೂಕೇಂದ್ರ’ ಎಂಬ ಪದವನ್ನು ಎರಡು ಬಗೆಯಾಗಿ ಬಳಸುವರು. ಭೂಮಿಯೇ ವಿಶ್ವದ ನಡು, ಸೂರ್ಯಚಂದ್ರಾದಿಗಳು ಅದನ್ನು ಸುತ್ತುವುವು ಎಂಬ ಸಿದ್ಧಾಂತವು ಒಂದು. ಈ ಅರ್ಥದಲ್ಲಿ ಅದು ಬಿದ್ದುಹೋದ ಮತ. ಆರ್ಯಭಟನು ಕ್ರಿ. ಶ. 499ರಲ್ಲಿಯೇ ಭೂಮಿಯು ತನ್ನಲ್ಲಿ ತಾನೇ ತಿರುಗುವುದೆಂದು ಹೇಳಿ, ದೋಣಿಯಲ್ಲಿ ಹೋಗುವವನಿಗೆ ದಡವು ಹಿಂದಕ್ಕೆ ಸರಿಯುವಂತೆ ಕಾಣುವುದನ್ನು ದೃಷ್ಟಾಂತವಾಗಿ ಕೊಟ್ಟನು. ಶರಾವತಿಯ ಹಿನ್ನೀರನ್ನು ದೋಣಿಯಲ್ಲಿ ದಾಟಿದ ಸಾಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಭೂಮಿಯನ್ನು ನಡುವಿನಿಂದ ಕದಲಿಸಲು ಆತನು ಮುಂದಾಗಲಿಲ್ಲ. ಆ ಕೆಲಸವನ್ನು 1543ರಲ್ಲಿ ಕೋಪರ್ನಿಕಸನ ಗ್ರಂಥವು ಮಾಡಿತು. 1633ರಲ್ಲಿ ರೋಮಿನ ಧರ್ಮಾಧಿಕಾರಿಗಳು, ಭೂಮಿಯು ಚಲಿಸುವುದೆಂಬ ಮತವನ್ನು ತೊರೆದೆನೆಂದು ಗೆಲಿಲಿಯೋನಿಂದ ಪ್ರಮಾಣ ಮಾಡಿಸಿದರು. ಹುಸಿಯು ಅಲ್ಲಿತ್ತು: ಅರಿವು ಹಿಡಿದುದೊಂದು, ಬಾಯಲ್ಲಿ ಆಡಿಸಿದುದೊಂದು.

ಎರಡನೆಯದು ಎಣಿಕೆಯ ಕ್ರಮ. ಭೂಮಿಯಿಂದ ನೋಡಿದಾಗ ಗ್ರಹಗಳು ಎಲ್ಲಿ ಕಾಣುವುವೆಂದು ಗಣಿಸುವುದು. ಪಂಚಾಂಗವು ಇಂದಿಗೂ ಇದನ್ನೇ ಮಾಡುತ್ತದೆ; ಇದರಲ್ಲಿ ಲೋಪವೇನೂ ಇಲ್ಲ. ಆದರೆ ಈ ಎಣಿಕೆಯ ನೆಲೆಯು ಭೂಮಿಯ ಒಡಲಿನ ನಟ್ಟನಡುವಣ ಬಿಂದು. ಅಲ್ಲಿ ಯಾರೂ ನಿಂತಿಲ್ಲ! ಯಾವ ಊರಿನದೂ ಅಲ್ಲದ ಕಾರಣ ಅದು ಎಲ್ಲ ಊರಿಗೂ ಸಲ್ಲುತ್ತದೆ. ಶಿವರಾತ್ರಿಯ ಚತುರ್ದಶಿಯು ಮುಗಿಯುವ ಕ್ಷಣವು ಸಾಗರಕ್ಕೂ ಹೊಸನಗರಕ್ಕೂ ತೀರ್ಥಹಳ್ಳಿಗೂ ಒಂದೇ. ಸೂರ್ಯೋದಯವು ಮಾತ್ರ ಊರಿಂದೂರಿಗೆ ಬೇರೆ.

‘ಸೂರ್ಯನು ಮುಳುಗಿದನು’ ಎಂಬುದು ಕಂಡುದನ್ನು ಕಂಡ ನೆಲೆಯಿಂದ ಹೇಳುವ ನುಡಿ. ಅದನ್ನು ಹುಸಿಯೆನ್ನಲಾಗದು. ತಾನು ನಿಂತ ನೆಲೆಯೇ ಜಗತ್ತಿನ ನಡುವೆಂದು ಅದರಿಂದ ಸಾಧಿಸಹೊರಟರೆ ಮಾತು ಬೇರೆಯಾಗುವುದು.

ನಿಂತ ನೆಲೆಯನ್ನು ಮರೆತರೂ ಗಣಿತವು ತಪ್ಪುವುದು. ಭೂಮಧ್ಯದಿಂದ ಗಣಿಸಿದ ಚಂದ್ರನ ಸ್ಥಾನಕ್ಕೂ ಮನೆಯಂಗಳದಿಂದ ಕಾಣುವ ಸ್ಥಾನಕ್ಕೂ ಸುಮಾರು ಒಂದು ಅಂಶದವರೆಗೆ, ಎಂದರೆ ಹೆಚ್ಚುಕಡಿಮೆ ಎರಡು ಚಂದ್ರಬಿಂಬಗಳಷ್ಟು, ಅಂತರವುಂಟು. ಪ್ರಾಚೀನರು ಇದನ್ನು ‘ಲಂಬನ’ವೆಂದು ಕರೆದು ಗ್ರಹಣಗಣಿತದಲ್ಲಿ ತಿದ್ದಿಕೊಂಡರು. 2019ರ ಡಿಸೆಂಬರ್ 26ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯನು ಬಳೆಯಾದನು. ಅದೇ ಬೆಳಗ್ಗೆ, ಅದೇ ಚಂದ್ರನ ಮರೆಯಲ್ಲಿ, ಸಾಗರ ತೀರ್ಥಹಳ್ಳಿಗಳಿಗೆ ಒದಗಿದುದು ಪಾರ್ಶ್ವಗ್ರಹಣ.