ತೊಟ್ಟಿಲ ಬಳಿಯ ನಾಮಸಂಕೀರ್ತನೆ



ಶ್ರೀಹರಿವಾಯುಗುರುಗಳ ಪರಮಾನುಗ್ರಹದಿಂದ ಮನೆಯಲ್ಲಿ ಶಿಶುವಿನ ಜನನವಾಯಿತೆಂದರೆ ಅದು ಕುಲಕ್ಕೆಲ್ಲ ಹರ್ಷದ ವಿಷಯ. ಋಷಿಋಣ, ದೇವಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತೇ ಮನುಷ್ಯನು ಹುಟ್ಟುತ್ತಾನೆಂದು ಶ್ರುತಿಯು ತಿಳಿಸುತ್ತದೆ. ಸಂತಾನಪ್ರಾಪ್ತಿಯಾಯಿತು, ಪಿತೃಋಣ ತೀರಿತು ಎಂದು ಹಲವರು ನಿಶ್ಚಿಂತರಾಗುತ್ತಾರೆ. ಆದರೆ ತಂದೆಗೆ ಆ ದಿನದಿಂದಲೇ ಹೊಸದೊಂದು ಹೊಣೆ ಒದಗುತ್ತದೆ. ತಾನು ಹಿರಿಯರಿಂದ ಕೇಳಿ ತಿಳಿದ ಹರಿನಾಮವನ್ನು ಈ ಜೀವದ ಕಿವಿಗೆ ಮುಟ್ಟಿಸುವುದೇ ಆ ಹೊಣೆ.

ಭಜನಾ ಮಂಡಳಿಗಳ ತರುಣರನ್ನು ಉದ್ದೇಶಿಸಿ ಈ ಮಾತನ್ನು ವಿಶೇಷವಾಗಿ ಹೇಳಬಯಸುತ್ತೇವೆ. ಉದ್ಯೋಗನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ನಮ್ಮವರಿಗೆ ದಾಸರ ಪದಗಳೇ ತವರಿನ ನಂಟು. ಗುರುವಾರದ ಸಂಜೆ ತಾಳ ತಂಬೂರಿಗಳೊಡನೆ ಕಲೆತು ಹಾಡುವವರ ಸ್ನೇಹವು ಒಡಹುಟ್ಟಿದವರ ಸ್ನೇಹಕ್ಕೆ ಕಡಿಮೆಯಾದುದಲ್ಲ. ಅಂತಹ ಬಳಗದಲ್ಲೊಬ್ಬನು ತಂದೆಯಾದಾಗ ಅವನ ಮುಂದೆ ಎರಡು ತಪ್ಪು ದಾರಿಗಳು ತೆರೆದುಕೊಳ್ಳುತ್ತವೆ. ಸಂಸಾರ ಬೆಳೆಯಿತು, ಇನ್ನು ನನಗೆ ಭಜನೆಗೆಲ್ಲಿಯ ಬಿಡುವು ಎಂದು ಹಾಡನ್ನೇ ತೊರೆಯುವುದು ಒಂದು. ಬಾಣಂತಿಯೊಬ್ಬಳೇ ಎರಡು ಕೋಣೆಯ ಮನೆಯಲ್ಲಿ ಅಳುವ ಕೂಸನ್ನು ಹಿಡಿದು ಕುಳಿತಿರಲು, ತಾನು ರಾತ್ರಿ ಹತ್ತು ಗಂಟೆಯವರೆಗೆ ಮಂಡಳಿಯಲ್ಲಿ ರಾಗವನ್ನು ಬೆಳೆಸುತ್ತ ಕೂರುವುದು ಇನ್ನೊಂದು. ಮೊದಲನೆಯವನು ಸಂಸಾರದ ನೆಪದಿಂದ ಹರಿಯನ್ನು ಮರೆತನು. ಎರಡನೆಯವನು ಹರಿಯ ನೆಪದಿಂದ ಸ್ವಧರ್ಮವನ್ನು ಮರೆತನು.

ಮೊದಲನೆಯವನು ಶ್ರೀಪುರಂದರದಾಸರನ್ನು ಸ್ಮರಿಸಬೇಕು. ದಾಸದೀಕ್ಷೆಗಾಗಿ ಅವರು ಮಡದಿಮಕ್ಕಳನ್ನು ಬಿಟ್ಟು ಅಡವಿಗೆ ಹೋಗಲಿಲ್ಲ. ಸಂಪತ್ತೆಲ್ಲವನ್ನೂ ತೊರೆದು, ಪತ್ನೀಪುತ್ರಸಮೇತರಾಗಿ ವಿಜಯನಗರಕ್ಕೆ ಬಂದು ಶ್ರೀವ್ಯಾಸರಾಜರನ್ನು ಆಶ್ರಯಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ಜಂಟೆಗಳನ್ನು ಅಳವಡಿಸಿ ಸಂಗೀತದ ಮೊದಲ ಪಾಠವನ್ನು ಸುಲಭಗೊಳಿಸಿದ ಆ ಮಹನೀಯರು ಗೃಹಸ್ಥರು, ಮಕ್ಕಳೊಂದಿಗರು. ಶ್ರೀಕೃಷ್ಣನ ಬಾಲಲೀಲೆಯನ್ನೂ ಜೋಗುಳವನ್ನೂ ಹರಿದಾಸರು ಮತ್ತೆ ಮತ್ತೆ ಹಾಡಿದ್ದಾರೆ. ತೊಟ್ಟಿಲಿರುವ ಮನೆಯಲ್ಲಿ ಭಜನೆಗೆ ಎಡೆಯಿಲ್ಲವೆನ್ನುವವನು ಆ ಪದಗಳ ಅರ್ಥವನ್ನು ಅರಿತವನೇ ಅಲ್ಲ.

ಎರಡನೆಯವನು ಶ್ರೀರಾಘವೇಂದ್ರಸ್ವಾಮಿಗಳ ಪೂರ್ವಾಶ್ರಮವನ್ನು ಮನನ ಮಾಡಲಿ. ಅವರದು ವೀಣಾವಿದ್ವಾಂಸರ ವಂಶ. ಮುತ್ತಾತರಾದ ಕೃಷ್ಣಭಟ್ಟರು ಶ್ರೀಕೃಷ್ಣದೇವರಾಯನಿಗೆ ವೀಣೆಯನ್ನು ಕಲಿಸಿದರೆಂದು ಪ್ರಸಿದ್ಧಿ. 1565ರ ಯುದ್ಧದಲ್ಲಿ ವಿಜಯನಗರವು ಪತನವಾದ ಬಳಿಕ ಆ ಕುಟುಂಬವು ತಮಿಳು ನಾಡಿಗೆ ವಲಸೆ ಹೋಯಿತು. ನಮ್ಮ ನಿಮ್ಮಂತೆ ಪರಸ್ಥಳದಲ್ಲಿ ನೆಲೆ ಕಂಡ ಮನೆಯಲ್ಲಿಯೇ ವೇಂಕಟನಾಥರ ಜನನವಾಯಿತು. ಅವರೂ ವೈಣಿಕರು. ಸರಸ್ವತೀದೇವಿಯರ ಪಾಣಿಗ್ರಹಣ ಮಾಡಿ, ಲಕ್ಷ್ಮೀನಾರಾಯಣನೆಂಬ ಪುತ್ರನನ್ನು ಪಡೆದು, ಕುಂಭಕೋಣದಲ್ಲಿ ಕಡುಬಡತನದ ಸಂಸಾರವನ್ನು ನಡೆಸಿದರು. ಪಾಠಪ್ರವಚನವನ್ನು ಬಿಡಲಿಲ್ಲ, ಸಂಸಾರದ ಭಾರವನ್ನೂ ಇಳಿಸಲಿಲ್ಲ. ಶ್ರೀಸುಧೀಂದ್ರತೀರ್ಥರು ಸಂನ್ಯಾಸಕ್ಕೆ ಅಪೇಕ್ಷಿಸಿದಾಗ, ಪತ್ನಿಯ ತಾರುಣ್ಯವನ್ನೂ ಮಗನ ಎಳೆಯ ವಯಸ್ಸನ್ನೂ ನೆನೆದು ಅವರ ಮನಸ್ಸು ಹಿಂಜರಿಯಿತು. ಮಗನ ಉಪನಯನವನ್ನು ನೆರವೇರಿಸಿದ ಬಳಿಕವೇ, 1621ರಲ್ಲಿ, ತಂಜಾವೂರಿನಲ್ಲಿ ಆಶ್ರಮ ಸ್ವೀಕರಿಸಿದರೆಂದು ಅವರ ಚರಿತ್ರೆಯು ತಿಳಿಸುತ್ತದೆ. ಪೀಠವೇ ಕರೆದಾಗಲೂ ತಂದೆಯ ಕರ್ತವ್ಯವನ್ನು ಅವರು ಲಘುವಾಗಿ ಕಾಣಲಿಲ್ಲ. ಹಾಗಿರಲು ಗುರುವಾರದ ಬೈಠಕ್ಕಿಗಾಗಿ ಅದನ್ನು ಮರೆಯುವುದು ಹೇಗೆ ಯುಕ್ತವಾದೀತು?

ಹಾಗಾದರೆ ಮಾಡತಕ್ಕದ್ದೇನು? ನಿಯತವಾದ ತನ್ನ ಕರ್ಮವನ್ನು ಹರಿಪಾದದಲ್ಲಿ ಬಾಗಿದ ಬುದ್ಧಿಯಿಂದ ಆಚರಿಸಬೇಕೆಂದು ಶ್ರೀಮದಾಚಾರ್ಯರು ದ್ವಾದಶಸ್ತೋತ್ರದಲ್ಲಿ ಅಪ್ಪಣೆ ಕೊಡಿಸಿದ್ದಾರೆ. ನೂತನ ಪಿತೃವಿಗೆ ಕೂಸನ್ನು ತೂಗುವುದೂ ನಿಯತಕರ್ಮವೇ. ನಾಮಕರಣದ ದಿನ ಅವನು ಶಿಶುವಿನ ಬಲಗಿವಿಯಲ್ಲಿ ಭಗವನ್ನಾಮವನ್ನು ಉಚ್ಚರಿಸುತ್ತಾನೆ. ಅಲ್ಲಿಗೆ ಅವನ ಹಾಡಿಕೆಯು ಆರಂಭವಾಯಿತೆಂದೇ ತಿಳಿಯಬೇಕು. ಅದಕ್ಕೆ ಮುಂಚಿನ ಹತ್ತು ದಿನಗಳ ಜನನಾಶೌಚದಲ್ಲಿ ದೇವಪೂಜೆಗೆ ಅಧಿಕಾರವಿಲ್ಲವಾದರೂ ಮನಸ್ಸಿನ ಹರಿಸ್ಮರಣೆಗೆ ತಡೆಯಿಲ್ಲ.

ನಡುರಾತ್ರಿ ಎರಡು ಗಂಟೆಗೆ ಕೂಸು ಎದ್ದು ಅಳುತ್ತದೆ. ದಣಿದ ತಾಯಿಯನ್ನು ಮಲಗಗೊಟ್ಟು ತಂದೆಯು ಅದನ್ನು ಹೆಗಲಿಗೆ ಹಾಕಿಕೊಂಡು ಮೆಲುದನಿಯಲ್ಲಿ ದಾಸರ ಪದವೊಂದನ್ನು ಹಾಡಲಿ. ಅಲ್ಲಿ ಶ್ರುತಿಪೆಟ್ಟಿಗೆಯಿಲ್ಲ, ಭಲೆಯೆನ್ನುವವರಿಲ್ಲ, ತಾಳ ತಪ್ಪಿದರೆ ನಗುವವರೂ ಇಲ್ಲ. ಸಭೆಯಲ್ಲಿ ಹಾಡುವಾಗ ನಮ್ಮ ಗಾಯನವು ಹರಿಗೆ ಎಷ್ಟು ಸಂದಿತು, ಜನರ ಮೆಚ್ಚುಗೆಗೆ ಎಷ್ಟು ಸಂದಿತು ಎಂಬುದು ನಮಗೇ ತಿಳಿಯುವುದಿಲ್ಲ. ತೊಟ್ಟಿಲ ಬಳಿಯ ಹಾಡಿಗೆ ಕೇಳುಗರು ಇಬ್ಬರೇ: ಎಳೆಯ ಜೀವ, ಆ ಜೀವದ ಒಳಗಿರುವ ಬಿಂಬರೂಪಿಯಾದ ಭಗವಂತ. ಮಾಹಾತ್ಮ್ಯಜ್ಞಾನವನ್ನು ಒಳಗೊಂಡ ದೃಢವಾದ ಸ್ನೇಹವೇ ಭಕ್ತಿಯೆಂದು ಆಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ನಿರೂಪಿಸಿದ್ದಾರೆ. ಕೂಸಿನ ಮೇಲಣ ಸಹಜಸ್ನೇಹದಿಂದ ಮೃದುವಾದ ಮನಸ್ಸನ್ನು ಆ ಕೂಸನ್ನು ಕೊಟ್ಟವನ ಕಡೆಗೆ ತಿರುಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಅಷ್ಟು ಚಿಕ್ಕ ಮಗುವಿಗೆ ಏನು ತಿಳಿದೀತು ಎನ್ನಬಾರದು. ಕಯಾಧುವಿನ ಗರ್ಭದಲ್ಲಿದ್ದಾಗಲೇ ಪ್ರಹ್ಲಾದನು ನಾರದರ ಉಪದೇಶವನ್ನು ಕೇಳಿದನೆಂದು ಶ್ರೀಮದ್ಭಾಗವತದ ಸಪ್ತಮಸ್ಕಂಧವು ಸಾರುತ್ತದೆ. ಮಧ್ಯಗೇಹಭಟ್ಟರು ಪುರಾಣಪ್ರವಚನ ಮಾಡುತ್ತ ಲಿಕುಚವೆಂಬ ವೃಕ್ಷದ ಹೆಸರಿಗೆ ಅರ್ಥ ಹೇಳದೆ ಮುಂದೆ ಸಾಗಿದಾಗ, ಬಾಲಕ ವಾಸುದೇವನು ಅದನ್ನು ಗುರುತಿಸಿ ಪ್ರಶ್ನಿಸಿದ ಪ್ರಸಂಗವನ್ನು ಸುಮಧ್ವವಿಜಯವು ವರ್ಣಿಸುತ್ತದೆ. ಅವತಾರಪುರುಷರ ಮಹಿಮೆ ನಮ್ಮ ಮಕ್ಕಳಿಗೆ ಬಾರದು, ನಿಜ. ಆದರೆ ತಂದೆಯು ಹರಿಕಥೆಯನ್ನು ನುಡಿಯುವಲ್ಲಿ ಮಗುವಿಗೆ ಸ್ಥಳವಿರಬೇಕೆಂಬ ಪಾಠವು ನಮಗೂ ಸಲ್ಲುತ್ತದೆ.

ಇನ್ನು ಬಳಗದವರಿಗೆ ಒಂದು ಮಾತು. ಪ್ರಹ್ಲಾದನ ತಂದೆಯು ದೂರದಲ್ಲಿದ್ದಾಗ ತಾಯಿಗೆ ಆಶ್ರಯವಿತ್ತವರು ವೀಣಾಪಾಣಿಗಳಾದ ನಾರದರು. ವೇಂಕಟನಾಥರ ತಂದೆಯವರು ಬೇಗನೆ ಗತಿಸಿದಾಗ ಅಣ್ಣ ಗುರುರಾಜರೂ ಮಧುರೆಯ ಭಾವ ಲಕ್ಷ್ಮೀನರಸಿಂಹಾಚಾರ್ಯರೂ ಆ ಬಾಲಕನಿಗೆ ವಿದ್ಯೆಯ ಆಸರೆಯಾದರು. ನಗರಗಳಲ್ಲಿ ಅಜ್ಜ ಅಜ್ಜಿ, ಅತ್ತೆ ಮಾವಂದಿರು ದೂರವಿರುವ ಮನೆಗಳೇ ಹೆಚ್ಚು. ಅಲ್ಲಿ ಬಂಧುಗಳ ಸ್ಥಾನವನ್ನು ತುಂಬಬೇಕಾದವರು ಭಜನೆಯ ಸ್ನೇಹಿತರೇ. ತೊಟ್ಟಿಲ ಶಾಸ್ತ್ರದ ದಿನ ಹಾಡಿ, ಭೋಜನ ಮಾಡಿ, ಉಡುಗೊರೆ ಕೊಟ್ಟು ಬಂದರೆ ಕರ್ತವ್ಯವು ಮುಗಿಯಲಿಲ್ಲ. ಆ ಗೆಳೆಯನು ನಾಲ್ಕು ವಾರ ಬಾರದಿದ್ದರೆ ಅವನನ್ನು ದೂರದೆ, ಮಂಡಳಿಯೇ ಅವನ ಮನೆಗೆ ಹೋಗಲಿ. ಧ್ವನಿವರ್ಧಕವಿಲ್ಲದೆ, ಅರ್ಧ ಗಂಟೆ, ಕೂಸು ಮಲಗುವ ಮುನ್ನ ಮುಗಿಯುವಂತೆ ಹಾಡಲಿ. ಮಾತೆಯರು ಬಾಣಂತಿಯ ಸುಖದುಃಖವನ್ನು ವಿಚಾರಿಸಿ, ಅಡುಗೆಗೆ ಕೈಜೋಡಿಸಲಿ. ಇದೂ ಭಗವಂತನ ಸೇವೆಯೇ.

ಕೊನೆಯದಾಗಿ ಒಂದು ಎಚ್ಚರ. ಸಂಗೀತಪ್ರಿಯನಾದ ತಂದೆಗೆ ತನ್ನ ಮಗು ದೊಡ್ಡ ಗಾಯಕನಾಗಬೇಕು, ಸ್ಪರ್ಧೆಗಳಲ್ಲಿ ಬಹುಮಾನ ಗಳಿಸಬೇಕು ಎಂಬ ಆಸೆ ಬೇಗನೆ ಮೊಳೆಯುತ್ತದೆ. ಜೀವಜೀವರಿಗೆ ಭೇದವುಂಟು, ಪ್ರತಿಯೊಂದು ಜೀವಕ್ಕೂ ಅದರದೇ ಆದ ಅನಾದಿ ಸ್ವರೂಪಯೋಗ್ಯತೆಯುಂಟು ಎಂಬುದು ನಮ್ಮ ಸಿದ್ಧಾಂತ. ತಂದೆಯು ನಿಮಿತ್ತಮಾತ್ರನು, ಸ್ವತಂತ್ರಕರ್ತನು ಶ್ರೀಹರಿಯೊಬ್ಬನೇ. ಮಗು ಹಾಡಿದರೆ ಸಂತೋಷ, ಹಾಡದಿದ್ದರೆ ಕೇಳಲಿ. ಗಂಡಾಗಲಿ ಹೆಣ್ಣಾಗಲಿ, ದೊಡ್ಡದಾಗಿ ಯಾವ ಊರಿಗೆ ಹೋದರೂ, ಸಂಕಟದ ವೇಳೆಯಲ್ಲಿ ಹರಿನಾಮವು ಅದರ ನಾಲಗೆಗೆ ತಾನಾಗಿ ಬರುವಂತಾದರೆ ತಂದೆಯ ಹಾಡು ಸಾರ್ಥಕವಾಯಿತು.

ಇಂತಹ ಸದ್ಬುದ್ಧಿಯನ್ನು ಮುಖ್ಯಪ್ರಾಣಾಂತರ್ಗತನಾದ ಉಡುಪಿಯ ಶ್ರೀಕೃಷ್ಣನು ನಮ್ಮೆಲ್ಲ ತರುಣ ಗೃಹಸ್ಥರಿಗೆ ದಯಪಾಲಿಸಲಿ, ಅವರ ಮನೆಯ ಎಳೆಯ ಜೀವಗಳನ್ನು ರಕ್ಷಿಸಲಿ ಎಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು