ಸದ್ದಿನ ಮೂಲ

ಸದ್ದು ಕೇಳಿಬಂದ ಸ್ಥಳದಲ್ಲಿಯೇ ದೋಷವಿದೆಯೆಂದು ತೀರ್ಮಾನಿಸುವುದು ಮನುಷ್ಯಸ್ವಭಾವ. ಸೈಕಲ್ಲು ತುಳಿಯುವವನಿಗೆ ಕಾಲಬುಡದಲ್ಲಿ ‘ಕಿರ್’ ಎಂದು ಕೇಳಿದೊಡನೆ ಪೆಡಲಿನ ಮೇಲೆ ಸಂದೇಹ. ಎಲ್ಲೆಡೆ ಎಣ್ಣೆ ಸುರಿಯುತ್ತಾನೆ. ಎಣ್ಣೆಗೆ ಧೂಳಂಟಿ ಚೈನು ಸವೆಯುತ್ತದೆ; ಸದ್ದು ಮಾತ್ರ ಉಳಿಯುತ್ತದೆ.

ಅನುಭವಿಯಾದ ರಿಪೇರಿಗಾರನು ಮೊದಲು ಪಾನಾ ಹಿಡಿಯುವುದಿಲ್ಲ, ಕಿವಿಗೊಡುತ್ತಾನೆ. ತುಳಿಯುವುದನ್ನು ನಿಲ್ಲಿಸಿದರೂ ಅದೇ ಸದ್ದಿದ್ದರೆ ಚಕ್ರವನ್ನೋ ಮಡ್‌ಗಾರ್ಡನ್ನೋ ನೋಡಬೇಕು. ತುಳಿತದ ಪ್ರತಿ ಸುತ್ತಿಗೊಮ್ಮೆ ‘ಟಕ್’ ಎಂದರೆ ಪೆಡಲನ್ನೋ, ಅದರ ತೋಳನ್ನು ಬಿಗಿಹಿಡಿದ ಕಾಟರ್ ಪಿನ್ನನ್ನೋ ಪರೀಕ್ಷಿಸಬೇಕು. ಸವಾರನು ಎದ್ದು ನಿಂತು ತುಳಿದಾಗ ಸದ್ದಡಗಿದರೆ, ದೋಷವಿರುವುದು ಬಹುಶಃ ಸೀಟಿನಲ್ಲಿ. ಲೋಹದ ಚೌಕಟ್ಟು ಸದ್ದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದರಿಂದ ಕಿವಿ ಮೋಸಹೋಗುತ್ತದೆ. ಆದ್ದರಿಂದ ಒಮ್ಮೆಗೆ ಒಂದೇ ಭಾಗವನ್ನು ಬಿಗಿದು ಪರೀಕ್ಷಿಸಬೇಕು. ಎಲ್ಲವನ್ನೂ ಒಟ್ಟಿಗೆ ಬಿಗಿದರೆ ಕಾರಣವೇ ತಿಳಿಯದು.

ಮನೆ, ಅಂಗಡಿಗಳಲ್ಲಿಯೂ ಇದೇ ನ್ಯಾಯ. ಸೊಸೆ ಗೊಣಗಿದಳೆಂದು ಸೊಸೆಯನ್ನು, ಲೆಕ್ಕ ತಪ್ಪಿತೆಂದು ಗುಮಾಸ್ತನನ್ನು ದೂರುವುದುಂಟು. ಭಾರ ಬೀಳುವುದು ಒಂದೆಡೆ, ನರಳು ಕೇಳುವುದು ಇನ್ನೊಂದೆಡೆ. ಗುಮಾಸ್ತನನ್ನು ಬಿಡಿಸಿದ ಮೇಲೆಯೂ ಲೆಕ್ಕ ತಪ್ಪುತ್ತಲೇ ಇದ್ದರೆ, ಅವನ ಅನ್ನ ಕಿತ್ತ ಪಾಪಕ್ಕೆ ಹೊಣೆ ಯಾರು? ವೃಥಾ ಕಳಚಿದ ಪೆಡಲನ್ನು ಮತ್ತೆ ಜೋಡಿಸಬಹುದು. ವೃಥಾ ಕಳೆದ ಮಾನವನ್ನು ಜೋಡಿಸಲಾಗದು.

ಆದುದರಿಂದ ಯಜಮಾನನಾದವನು ಪರರನ್ನು ಕಳಚಿ ನೋಡುವ ಮೊದಲು, ತಾನು ಕುಳಿತ ಪೀಠದಿಂದ ಒಮ್ಮೆ ಎದ್ದು ನಿಂತು ಆಲಿಸಬೇಕು. ಸದ್ದು ಅಲ್ಲಿಯೇ ನಿಲ್ಲಬಹುದು.