ನಾಲಿಗೆ ಮಂದವಾದವನಿಗೆ ದೊರೆತ ಸಹಾಯ
(ವಿಮೋಚನಕಾಂಡ 4:10-17)



ಮೋಶೆಯು ತನ್ನ ನಾಲಿಗೆ ಮಂದವೆಂದು ಯೆಹೋವನಿಗೆ ಅರಿಕೆಮಾಡಿದ್ದನ್ನು ಬಲ್ಲಿರಿ. ದೇವರು ಆ ನಾಲಿಗೆಯನ್ನು ಒಂದೇ ಮಾತಿನಿಂದ ಚುರುಕುಮಾಡಬಹುದಾಗಿತ್ತು, ಹಾಗೆ ಮಾಡಲಿಲ್ಲ. ಅಣ್ಣನಾದ ಆರೋನನನ್ನು ಅವನಿಗೆ ಬಾಯಾಗಿ ಕೊಟ್ಟನು. ಅವನ ಕೈಯಲ್ಲಿ ಮೊದಲೇ ಇದ್ದ ಕುರುಬರ ಕೋಲನ್ನು ಸಾಧನವಾಗಿ ಮಾಡಿದನು.

ಶಾಮನೂರಿನಲ್ಲಿ ಒಂದು ಆದಿತ್ಯವಾರ ನಾವು ಒಬ್ಬ ಹುಡುಗನನ್ನು ವಾಕ್ಯ ಓದಲು ಎಬ್ಬಿಸಿದೆವು. ಕೀರ್ತನೆಗಳನ್ನು ಬಾಯಿಪಾಠವಾಗಿ ತಪ್ಪಿಲ್ಲದೆ ಹೇಳುವವನು ಅವನು. ಆದರೆ ಪುಸ್ತಕ ಕೈಗೆ ಬಂದಾಗ ಕ್ರಿಸ್ತನ ಹೆಸರಿನಲ್ಲಿಯೇ ಎಡವಿದನು; ಆ ಹೆಸರಿನ ಎರಡು ಅಕ್ಷರಗಳಿಗೂ ಒತ್ತು ಉಂಟಷ್ಟೆ. ಮಕ್ಕಳು ನಕ್ಕರು. ನಾವು ಸೋಮಾರಿಯೆಂದು ಗದರಿಸಿದೆವು. ಮುಂದಿನ ಎರಡು ವಾರ ಅವನು ಬರಲಿಲ್ಲ. ಮನೆಗೆ ಹೋಗಿ, ತಾಯಿಯ ಮುಂದೆಯೇ ಅವನಲ್ಲಿ ಕ್ಷಮೆ ಬೇಡಿದೆವು.

ಇದು ಸೋಮಾರಿತನವಲ್ಲ, ಹೆತ್ತವರ ಪಾಪದ ಫಲವೂ ಅಲ್ಲ. ಬುದ್ಧಿ ಚೆನ್ನಾಗಿದ್ದರೂ ಅಕ್ಷರದ ರೂಪವನ್ನು ಅದರ ಧ್ವನಿಯೊಡನೆ ಕೂಡಿಸುವುದು ಕೆಲವು ಮಕ್ಕಳಿಗೆ ಬಹು ಪ್ರಯಾಸ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಕಲಿಕೆಯ ಈ ತೊಡಕನ್ನೂ 21 ಬಗೆಯ ನ್ಯೂನತೆಗಳಲ್ಲಿ ಎಣಿಸಿದೆ. ಆದದರಿಂದ ತಾಯಂದಿರೇ, ಶಾಲೆಯ ಉಪಾಧ್ಯಾಯರನ್ನೂ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದವರನ್ನೂ ಸಂಕೋಚವಿಲ್ಲದೆ ವಿಚಾರಿಸಿರಿ.

ರೋಮಾಪುರದಲ್ಲಿ ಬುದ್ಧಿಮಾಂದ್ಯರೆನಿಸಿಕೊಂಡ ಮಕ್ಕಳಿಗೆ ಮೊದಲು ಕಲಿಸಿದ ಮರಿಯಾ ಮಾಂಟೆಸೊರಿ ಅಮ್ಮನವರು, ಬೆರಳಿನಿಂದ ಸವರಿ ಅರಿಯುವ ಅಕ್ಷರಗಳನ್ನು ಬಳಸಿದರು. 1939ರಲ್ಲಿ ಮದ್ರಾಸಿಗೆ ಬಂದು ನಮ್ಮ ದೇಶದ ಉಪಾಧ್ಯಾಯರಿಗೂ ತಮ್ಮ ಕ್ರಮವನ್ನು ತಿಳಿಸಿದರು. ಅದಕ್ಕೆ ದುಬಾರಿಯ ಸಾಮಾನು ಬೇಕಿಲ್ಲ. ದಾವಣಗೆರೆಯ ಸೀಮೆಯಲ್ಲಿ ಮೆಕ್ಕೆಜೋಳಕ್ಕೆ ಕೊರತೆಯೇ? ರಟ್ಟಿನ ಮೇಲೆ ಕಾಳುಗಳನ್ನು ಅಕ್ಷರದ ಆಕಾರದಲ್ಲಿ ಅಂಟಿಸಿರಿ. ಮಗುವು ಬೆರಳಿನಿಂದ ಸವರುತ್ತಾ ಅದರ ಧ್ವನಿಯನ್ನು ಗಟ್ಟಿಯಾಗಿ ಹೇಳಲಿ. ಅನಂತರ ತಟ್ಟೆಯ ಮರಳಿನಲ್ಲಿ ಬರೆಯಲಿ. ಬ ಭ, ಮ ವ ಇಂಥ ಹೋಲುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿರಿ. ಒತ್ತನ್ನು ಬೇರೆ ಬಣ್ಣದ ಸೀಮೆಸುಣ್ಣದಿಂದ ಬರೆಯಿರಿ. ಪುಟವೆಲ್ಲಾ ಕಣ್ಣಿಗೆ ಕವಿದರೆ, ಒಂದು ಸಾಲು ಮಾತ್ರ ಕಾಣುವಂತೆ ರಟ್ಟಿನಲ್ಲಿ ಕಿಂಡಿ ಕೊಯ್ಯಿರಿ. ದಿನಕ್ಕೆ ಕಾಲು ಗಂಟೆ ಸಾಕು. ಬೈಗುಳಕ್ಕೆ ಅದರಲ್ಲಿ ಸ್ಥಳವಿಲ್ಲ.

ಆರೋನನ ಕೆಲಸವನ್ನು ಆ ಹುಡುಗನ ಅಕ್ಕನು ವಹಿಸಿಕೊಂಡಿದ್ದಾಳೆ. ಅವಳು ಓದುತ್ತಾಳೆ, ಅವನು ಸಾಲಿನ ಕೆಳಗೆ ಬೆರಳಿಟ್ಟು ಜೊತೆಯಲ್ಲಿ ಉಚ್ಚರಿಸುತ್ತಾನೆ. ಕರ್ತನ ಹೆಸರಿನ ಎರಡನೆಯ ಒತ್ತಿನ ಬಳಿ ಇನ್ನೂ ಸ್ವಲ್ಪ ನಿಲ್ಲುತ್ತಾನೆ. ತರಗತಿಯೆಲ್ಲಾ ಅವನೊಡನೆ ನಿಲ್ಲುತ್ತದೆ.